ಬೀಗದ ಕೈ ಮತ್ತೆ ತಿರುಗಬೇಕು

ಪ್ರೀತಿಯ ಮೇಘನಾ,

ಕೀ ಇಲ್ಲದೆ ಬೀಗ ತೆಗೆಯುವ ಹುಚ್ಚು ನಿನಗೆ ಹತ್ತಿದೆ ಎಂದು ನಿಮ್ಮಮ್ಮ ಫೋನಿನಲ್ಲಿ ಹೇಳುವಾಗ ಅವಳ ದನಿಯಲ್ಲಿ ಗಾಬರಿಯಿತ್ತು. ನನಗೇನೂ ಗಾಬರಿಯಾಗಲಿಲ್ಲ. ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿ ಇದಕ್ಕೆಂದೇ ಸಂಘಗಳಿವೆ, ಪಂದ್ಯಗಳೂ ನಡೆಯುತ್ತವೆ. ಬೀಗ ನಿನ್ನದೇ ಆಗಿರಬೇಕು, ಬಾಗಿಲಿಗೆ ಹಾಕಿ ಬಳಸುತ್ತಿರುವುದು ಆಗಿರಬಾರದು ಎನ್ನುವ ಎರಡು ಕಟ್ಟಳೆ ಅವರದು. ಅವನ್ನು ನೀನೂ ಪಾಲಿಸು. ನನ್ನ ತಕರಾರು ಬೇರೆ. ನೀನು ಕಳಿಸಿದ ಫೋಟೋದಲ್ಲಿ ನಿನ್ನ ಅಭ್ಯಾಸದ ಬೀಗದ ಸಿಲಿಂಡರಿನ ಬಾಯಿ ನೋಡಿದೆ. ಕೀ ತೂರುವ ಸಂದಿನ ಅಂಚಿಗೆಲ್ಲ ಹೊಳೆಯುವ ಗೀರು, ಒಂದು ಮೂಲೆಯಲ್ಲಿ ಹಿತ್ತಾಳೆ ಮಡಚಿಕೊಂಡು ಚೂಪು ಅಂಚು (ಬರ್) ಎದ್ದಿದೆ. ಟೂಲ್ ರೂಮಿನಲ್ಲಿ ಆಯುಷ್ಯ ಕಳೆದವನಿಗೆ ಅದನ್ನು ನೋಡಿಯೂ ಸುಮ್ಮನಿರಲು ಆಗುತ್ತದೆಯೇ?

ನೀನು ಏನು ಹೇಳುತ್ತೀಯೋ ಗೊತ್ತು. ಅಭ್ಯಾಸದ ಬೀಗ ತಾನೇ ದೊಡ್ಡಪ್ಪ, ಹಾಳಾದರೆ ಇನ್ನೊಂದು ತಂದರಾಯಿತು. ಅಭ್ಯಾಸದ್ದು ಎಂದೇ ಅದನ್ನು ಕಾಪಾಡಬೇಕು. ನಿನ್ನ ಕೈ ಪಳಗಿತೋ ಇಲ್ಲವೋ ಎಂದು ಅಳೆಯುವ ಗೇಜ್ ಅದು. ಗೇಜೇ ಸವೆದರೆ ಅಳತೆಗೆ ಏನು ಬೆಲೆ? ಪಿನ್ನು ಸವೆದು ಸಡಿಲವಾದ ಬೀಗ ಹೇಗೆ ಕೆದಕಿದರೂ ತೆರೆದುಕೊಳ್ಳುತ್ತದೆ, ಸುಮ್ಮನೆ ನಿನ್ನನ್ನು ಹೊಗಳುತ್ತದೆ. ಆಮೇಲೆ ಹೊಸ ಬೀಗ ಕೈಗೆ ಬಂದಾಗ ಬೆಪ್ಪಾಗುತ್ತೀಯ.

ಬೀಗ ಕೆಡಿಸದೆ ತೆಗೆಯುವುದೇ ಗೆಲುವು ಎನ್ನುವುದಕ್ಕೆ ಒಂದು ಹಳೇ ಕತೆಯಿದೆ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದ ಹೊತ್ತಿಗೆ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಎಂಬ ಅಮೆರಿಕನ್ ಅಲ್ಲಿಗೆ ಬಂದ. ಪಿಕಡಿಲಿಯ ಬ್ರಾಮಾ ಎಂಬ ಬೀಗದ ಅಂಗಡಿಯ ಕಿಟಕಿಯಲ್ಲಿ ದಶಕಗಳಿಂದ ಸವಾಲು ಹಾಕುತ್ತ ಕೂತಿದ್ದ ಬೀಗವನ್ನು ತೆಗೆದ. ಬಹುಮಾನ 200 ಗಿನಿ. ಅವನಿಗೆ ಹಿಡಿದದ್ದು 51 ಗಂಟೆ, ಅದೂ 16 ದಿನಗಳಲ್ಲಿ ಬಿಡಿಬಿಡಿಯಾಗಿ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನನಗೆ ಇಷ್ಟವಾಗುವುದು ಆಮೇಲಿನ ಭಾಗ. ಬೀಗ ತೆರೆದದ್ದನ್ನು ನೋಡಿ ತೀರ್ಪುಗಾರರು ಎದ್ದುಹೋಗಲಿಲ್ಲ. ಅಸಲಿ ಕೀಯನ್ನೇ ಹಾಕಿ ಮುಚ್ಚಿ ತೆಗೆದು ನೋಡಿ, ಒಳಗೆ ಏನೂ ಕೆಟ್ಟಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಅವನು ಗೆದ್ದನೆಂದು ಬರೆದುಕೊಟ್ಟರು.

ನೀನೂ ಹಾಗೇ ಮಾಡು. ತೆರೆದಾಗಲೆಲ್ಲ ಕೀ ಹಾಕಿ ತಿರುಗಿಸು. ಕರಕರ ಎಂದರೆ, ಅಥವಾ ಹೊರಗೆಳೆದ ಕೀಯ ಹಲ್ಲಿನ ಮೇಲೆ ಹಿತ್ತಾಳೆ ಪುಡಿ ಕಂಡರೆ ಅಲ್ಲಿಗೇ ನಿಲ್ಲಿಸು.

ಹೆಚ್ಚು ಹಾನಿ ಮಾಡುವುದು ಪಿನ್ನು ಎತ್ತುವ ಪಿಕ್ ಹಿಡಿದ ಕೈಯಲ್ಲ, ಬೀಗವನ್ನು ತಿರುಗಿಸಲು ಟೆನ್ಷನ್ ಕಡ್ಡಿ ಒತ್ತುವ ಬೆರಳು. ಕೀಯೊಡನೆ ತಿರುಗುವ ಒಳದಿಂಡಿಗೂ ಹೊರಮೈಗೂ ನಡುವೆ ಪಿನ್ನು ಸಿಕ್ಕಿಕೊಳ್ಳುತ್ತದಲ್ಲ, ಆ ಹಿಡಿತದ ಮೇಲೇ ಈ ವಿದ್ಯೆಯೆಲ್ಲ ನಿಂತಿದೆ. ಒತ್ತಡ ಹೆಚ್ಚಾದರೆ ಹಿಡಿತ ಕಚ್ಚುತ್ತದೆ. ಆಗ ನೀನು ಪಿಕ್ಕಿನಿಂದ ಜೋರಾಗಿ ಎತ್ತುತ್ತೀಯ, ಉಕ್ಕಿನ ಮೊನೆ ಹಿತ್ತಾಳೆ ಪಿನ್ನಿನ ದುಂಡು ತುದಿಯನ್ನು ಕೆರೆಯುತ್ತದೆ, ಪಿನ್ನಿನ ಪಕ್ಕೆ ರಂಧ್ರದ ಅಂಚನ್ನು ಉಜ್ಜುತ್ತದೆ. ಕಡ್ಡಿಯ ಮೇಲಿರುವ ಬೆರಳಿನ ಉಗುರನ್ನು ನೋಡಿಕೋ. ಅದು ಬಿಳುಚಿದರೆ ಒತ್ತಡ ಅತಿಯಾಯಿತು. ಹಾಲಿನ ಕೆನೆ ಪಕ್ಕಕ್ಕೆ ಸರಿಸುವಷ್ಟು ಬಲ ಸಾಕು. ಪಿಕ್ ಬಾಗುತ್ತಿದೆ ಎಂದರೂ ಪಿಕ್ಕನ್ನು ಬಯ್ಯಬೇಡ, ಕಡ್ಡಿ ಸಡಿಲಿಸು.

ಗರಗಸದಂಥ ಪಿಕ್ ತೂರಿಸಿ ಹಿಂದೆಮುಂದೆ ಎಳೆದಾಡುವುದು ಬೇಗ ಫಲ ಕೊಡುತ್ತದೆ, ಬೀಗವನ್ನೂ ಬೇಗ ತಿನ್ನುತ್ತದೆ. ಕಲಿಯುವುದೂ ಕಡಿಮೆ. ಒಂದೊಂದೇ ಪಿನ್ನು ಎತ್ತುವುದನ್ನು ರೂಢಿಸಿಕೋ. ಹೊಸ ಪಿಕ್ಕುಗಳ ಅಂಚು ಹರಿತವಾಗಿರುತ್ತದೆ. 600ರ ಎಮರಿ ಕಾಗದದಿಂದ ಶುರುಮಾಡಿ ನುಣ್ಣಗಿನದಕ್ಕೆ ಹೋಗುತ್ತ, ಬೆರಳು ಸವರಿದರೆ ಎಲ್ಲೂ ತಡೆಯದಂತೆ ಉಜ್ಜು. ಒಂದು ಸಂಜೆಯ ಕೆಲಸ ಅಷ್ಟೆ.

ತೆರೆದ ಖುಷಿಯಲ್ಲಿ ಒಳದಿಂಡನ್ನು ಅರ್ಧ ಸುತ್ತು ತಿರುಗಿಸಿಬಿಟ್ಟೆಯೋ, ಸಂದಿನ ತೆರೆದ ತಳ ಪಿನ್ನುಗಳ ನೇರಕ್ಕೆ ಬಂದು, ಸ್ಪ್ರಿಂಗ್ ತಳ್ಳಿದ ಮೇಲ್ಪಿನ್ನುಗಳು ಅದರೊಳಗೆ ಇಳಿದುಬಿಡುತ್ತವೆ. ಬೀಗ ಜಪ್ಪಯ್ಯ ಎಂದರೂ ಅಲ್ಲಾಡುವುದಿಲ್ಲ. ಆಗ ಇಕ್ಕಳ ಹುಡುಕಬೇಡ. ಚಪ್ಪಟೆಯಾದ ತೆಳು ಪಟ್ಟಿಯನ್ನು ಸಂದಿನಲ್ಲಿ ಉದ್ದಕ್ಕೂ ತೂರಿಸಿ, ಪಿನ್ನುಗಳನ್ನೆಲ್ಲ ಹಿಂದಕ್ಕೆ ತಳ್ಳಿಕೊಂಡು ಮೆಲ್ಲಗೆ ತಿರುಗಿಸು.

ಬೆಂಚ್ ವೈಸಿನಲ್ಲಿ ಸಿಲಿಂಡರನ್ನು ಬರಿದೇ ಕಚ್ಚಿಸುವುದು ನೋಡಿದರೆ ನನಗೆ ಮೈ ಉರಿಯುತ್ತದೆ. ಹಿತ್ತಾಳೆ ಮೆದು. ಹೊರಮೈ ತುಸು ಅದುಮಿದರೂ ಒಳದಿಂಡು ಬಿಗಿಯುತ್ತದೆ, ನೀನು ಮಾತ್ರ ಪಿನ್ನು ಸಿಕ್ಕಿದೆ ಎಂದುಕೊಂಡು ಕೆದಕುತ್ತಿರುತ್ತೀಯ. ಎರಡೂ ಕಡೆ ಮರದ ತುಂಡೋ ಅಲ್ಯೂಮಿನಿಯಂ ತಗಡೋ ಕೊಟ್ಟು, ಜಾರದಷ್ಟು ಮಾತ್ರ ಬಿಗಿ ಮಾಡು.

ಇನ್ನು ಎಣ್ಣೆ. ನಮ್ಮ ಮನೆಗಳಲ್ಲಿ ಬೀಗ ಬಿಗಿಯಾದರೆ ಮೊದಲು ಬರುವುದು ಕೊಬ್ಬರಿ ಎಣ್ಣೆ ಬಟ್ಟಲು. ಅದು ಧೂಳು ಹಿಡಿದು ಅಂಟಾಗುತ್ತದೆ. ಗ್ರಾಫೈಟ್ ಪುಡಿ ಚಿಟಿಕೆಯಷ್ಟು ಊದು, ಅಥವಾ ಒಣಗಿ ನಿಲ್ಲುವ ಟೆಫ್ಲಾನ್ ಸ್ಪ್ರೇ ಹಾಕು. ಗ್ರಾಫೈಟ್ ಹಾಕಿದ ಮೇಲೆ ಎಣ್ಣೆ ಬಿಡಬೇಡ, ಎರಡೂ ಸೇರಿ ಕೆಸರಾಗುತ್ತದೆ. ಪಾರದರ್ಶಕ ಅಕ್ರಿಲಿಕ್ ಬೀಗಕ್ಕಂತೂ ಸಿಕ್ಕಸಿಕ್ಕ ಸ್ಪ್ರೇ ಹೊಡೆಯಲೇಬೇಡ, ಕೆಲವು ಸಾಲ್ವೆಂಟುಗಳಿಗೆ ಅದು ಬಿರುಕು ಬಿಡುತ್ತದೆ. ಅದು ಇರುವುದು ಒಳಗೇನು ನಡೆಯುತ್ತದೆ ಎಂದು ನೋಡುವುದಕ್ಕೆ. ನೋಡಿ ಆದಮೇಲೆ ತಂಗಿಗೆ ಕೊಟ್ಟುಬಿಡು.

ಹಾರ್ಡ್‌ವೇರ್ ಅಂಗಡಿಯ 6 ಲಿವರ್, 7 ಲಿವರ್ ಬೀಗಗಳನ್ನು ಸದ್ಯಕ್ಕೆ ಮುಟ್ಟಬೇಡ. ರಿವೆಟ್ ಹೊಡೆದು ಮುಚ್ಚಿದವೇ ಹೆಚ್ಚು, ಒಳಗೆ ಲಿವರ್ ಬಾಗಿದರೆ ಬಿಚ್ಚಿ ಸರಿಮಾಡುವಂತಿಲ್ಲ. ಕ್ಲಿಪ್ ತೆಗೆದರೆ ಒಳದಿಂಡು ಹೊರಬರುವ ಸಿಲಿಂಡರ್ ಕೊಂಡುಕೋ. ಆಗಾಗ ಪಿನ್ನುಗಳ ಸಾಲು ಬದಲಿಸಿದರೆ ಒಂದೇ ಬೀಗ ಹೊಸದರಂತೆ ಕಾಡುತ್ತದೆ. ಸವೆದ ಪಿನ್ನೂ ಕಣ್ಣಿಗೆ ಬೀಳುತ್ತದೆ, ಬದಲಿಸಬಹುದು. ಆಮೇಲೆ ಕೀಯ ಹಲ್ಲಿಗೆ ಹೊಂದುವ ಹಳೇ ಸಾಲನ್ನೇ ಹಾಕಿ ಪರೀಕ್ಷೆ ಮಾಡುವುದಕ್ಕೆ, ಯಾವ ಪಿನ್ನು ಯಾವ ರಂಧ್ರದ್ದು ಎಂದು ಮೊದಲೇ ಬರೆದಿಟ್ಟುಕೋ.

ಬಿಚ್ಚುವಾಗ ತಟ್ಟೆಯೊಳಗಿಟ್ಟು ಬಿಚ್ಚು. ಒಳದಿಂಡನ್ನು ಹೊರಗೆ ತಳ್ಳುವಾಗ ಅಷ್ಟೇ ದಪ್ಪದ ಮರದ ಕೋಲು ಅದರ ಬೆನ್ನಿಗಂಟಿಕೊಂಡು ಬರಬೇಕು, ನಡುವೆ ಸಂದು ಬಿದ್ದರೆ ಸ್ಪ್ರಿಂಗು, ಪಿನ್ನು ಎಲ್ಲ ಸೋಫಾದ ಕೆಳಗೆ. ಸರಿಯಾದ ಕೋಲು ಸಿಗದಿದ್ದರೆ ಒಳದಿಂಡಿನ ವ್ಯಾಸ ಬರೆದು ಕಳಿಸು, ಲೇತ್ ಇರುವ ಗೆಳೆಯನ ಹತ್ತಿರ ಮಾಡಿಸಿಕೊಡುತ್ತೇನೆ. ಸ್ಕೇಲ್ ಇಟ್ಟು ಅಳೆಯಬೇಡ, ವರ್ನಿಯರಿನಲ್ಲಿ ಅಳೆ.

ಇಂತು,
ನಿನ್ನ ದೊಡ್ಡಪ್ಪ