ಹಳೆಯ ಸರ್ವರಿಗೆ ಇನ್ನೂ ಹಳೆಯ ಸೊಲಾರಿಸ್

ಪ್ರಶ್ನೆ: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಗುಜರಿ ಬೆಲೆಗೆ ಸಿಕ್ಕಿತೆಂದು ಸನ್ ಕಂಪನಿಯ ‘ಎಂಟರ್‌ಪ್ರೈಸ್ 250’ ಸರ್ವರ್ ಕೊಂಡೆ. ಅರಸೀಕೆರೆಯವರೆಗೆ ರೈಲಿನಲ್ಲಿ, ಅಲ್ಲಿಂದ ಜಾವಗಲ್ ಮಾರ್ಗವಾಗಿ ಹಳೇಬೀಡಿಗೆ ಗಾಡಿಯಲ್ಲಿ ತಂದೆ. ಅದರಲ್ಲಿ ಸೊಲಾರಿಸ್ 10 ಇದೆ. ನನ್ನಲ್ಲಿರುವ ಹಳೆಯ ಲೆಕ್ಕಪತ್ರದ ಪ್ರೋಗ್ರಾಮಿಗೆ ಸೊಲಾರಿಸ್ 8 ಬೇಕು. ಸಿ.ಡಿ. ಡ್ರೈವ್ ಕೆಟ್ಟಿತ್ತು, ಬೇರೆ ಹಾಕಿದೆ, ಆದರೂ ಸಿ.ಡಿ.ಯಿಂದ ಬೂಟ್ ಆಗುತ್ತಿಲ್ಲ. ಆನ್ ಮಾಡಿದಾಗಲೆಲ್ಲ ‘ಐಡಿಪ್ರಾಮ್ ಸರಿಯಿಲ್ಲ’ ಅನ್ನುತ್ತದೆ. ಹಳೆಯದನ್ನು ಹಾಕಲು ಸಾಧ್ಯವೇ?
— ಓದುಗ, ಹಳೇಬೀಡು

ಉತ್ತರ: ಧಾರಾಳವಾಗಿ ಸಾಧ್ಯ. ಆದರೆ ಹಾಕಲೇಬೇಕೆ? ಹಳೆಯ ಸೊಲಾರಿಸ್‌ಗೆ ಬರೆದ ಪ್ರೋಗ್ರಾಮು ಹೊಸದರಲ್ಲೂ ಹಾಗೆಯೇ ಓಡಬೇಕು ಎಂಬುದನ್ನು ಸನ್ ಕಂಪನಿ ಹಟ ಹಿಡಿದು ಪಾಲಿಸಿಕೊಂಡು ಬಂದಿತ್ತು. ನಿಮ್ಮ ಪ್ರೋಗ್ರಾಮನ್ನು ಸೊಲಾರಿಸ್ 10ರಲ್ಲೇ ಒಮ್ಮೆ ಓಡಿಸಿ ನೋಡಿದಿರಾ? ನೋಡಿಲ್ಲದಿದ್ದರೆ ‘ಎಲ್‌ಡಿಡಿ’ ಆಜ್ಞೆ ಕೊಟ್ಟು ಯಾವ ಲೈಬ್ರರಿ ಸಿಗುತ್ತಿಲ್ಲ ಎಂದು ನೋಡಿ. ಎಷ್ಟೋ ಸಲ ಒಂದೆರಡು ಕಡತ ತಂದು ಹಾಕಿದರೆ ಕೆಲಸ ಮುಗಿದೇಹೋಗುತ್ತದೆ.

ಅದು ಆಗಲಿಲ್ಲ ಅಂತಿಟ್ಟುಕೊಳ್ಳೋಣ. ಆಗಲೂ ಸೊಲಾರಿಸ್ 10 ಇರುವ ಡಿಸ್ಕನ್ನು ಅಳಿಸಬೇಡಿ. ನಿಮ್ಮ ಸರ್ವರಿನಲ್ಲಿ ಆರು ಡಿಸ್ಕಿಗೆ ಜಾಗವಿದೆ. ಈಗಿರುವುದನ್ನು ಹೊರಗೆಳೆದು, ಮೇಲೆ ಚೀಟಿ ಅಂಟಿಸಿ, ಬೀರುವಿನಲ್ಲಿಡಿ. ಬೇರೊಂದು ಡಿಸ್ಕ್ ಹಾಕಿ. ನಾನು ಹಿಂದೊಮ್ಮೆ ಒಂದು ಕಾರ್ಖಾನೆಯಲ್ಲಿ ಎರಡು ಡಿಸ್ಕನ್ನೂ ಒಳಗೇ ಬಿಟ್ಟು ಇನ್‌ಸ್ಟಾಲ್ ಮಾಡಲು ಕೂತು, ಟಾರ್ಗೆಟ್ ನಂಬರ್ ತಪ್ಪಾಗಿ ಓದಿ, ಉಳಿಸಬೇಕಾದದ್ದನ್ನೇ ಫಾರ್ಮ್ಯಾಟ್ ಮಾಡಿದ್ದೆ. ಆ ರಾತ್ರಿ ಊಟ ಸೇರಲಿಲ್ಲ.

ಇನ್ನು ನಿಮ್ಮ ಎರಡು ತೊಂದರೆಗಳು. ಎರಡೂ ಸೊಲಾರಿಸ್‌ನ ತಪ್ಪಲ್ಲ.

ಐಡಿಪ್ರಾಮ್ ದೂರಿಗೆ ಕಾರಣ ಸತ್ತ ಬ್ಯಾಟರಿ. ಮದರ್‌ಬೋರ್ಡಿನ ಮೇಲೆ ಬಾರ್‌ಕೋಡ್ ಚೀಟಿ ಅಂಟಿಸಿದ, ದಪ್ಪ ಬೆನ್ನಿನ ಒಂದು ಚಿಪ್ ಇದೆ. ಗಡಿಯಾರ, ಬೂಟ್ ಸೆಟ್ಟಿಂಗ್, ಈಥರ್‌ನೆಟ್ ವಿಳಾಸ, ಹೋಸ್ಟ್ ಐಡಿ ಎಲ್ಲವೂ ಅದರಲ್ಲೇ. ಬ್ಯಾಟರಿಯೂ ಅದರ ಹೊಟ್ಟೆಯೊಳಗೇ. ಆಯುಸ್ಸು ಹತ್ತು ವರ್ಷದ ಆಸುಪಾಸು. ಅದು ಹೋದಮೇಲೆ ಕರೆಂಟು ಹೋದಾಗಲೆಲ್ಲ ಯಂತ್ರ ತಾನು ಯಾರೆಂಬುದನ್ನೇ ಮರೆಯುತ್ತದೆ, ಈಥರ್‌ನೆಟ್ ವಿಳಾಸ ಬರೀ ‘ಎಫ್’ಗಳ ಸಾಲಾಗುತ್ತದೆ. ಸಾಕೆಟ್ಟಿನಲ್ಲಿ ಕೂರಿಸಿದ ಚಿಪ್ಪಾದ್ದರಿಂದ ಎಬ್ಬಿಸಿ ಬೇರೆ ಹಾಕಬಹುದು. ಕೈಚಳಕವಿದ್ದವರು ಅದರ ಬೆನ್ನು ಕೆರೆದು, ಹೊರಗಿನಿಂದ ಬಟನ್ ಸೆಲ್ಲನ್ನು ಬೆಸೆದೂ ಬದುಕಿಸುತ್ತಾರೆ. ಆಮೇಲೆ ‘ಓಕೆ’ ಪ್ರಾಂಪ್ಟಿನಲ್ಲಿ ‘ಎಂಕೆಪಿ’ ಆಜ್ಞೆಯಿಂದ ವಿಳಾಸವನ್ನು ಒಂದೊಂದೇ ಬೈಟ್ ತುಂಬಬೇಕು. ಸನ್ ವಿಳಾಸಗಳು 08:00:20ರಿಂದ ಶುರು; ಉಳಿದ ಅಂಕಿಗಳು ಆ ಚೀಟಿಯಲ್ಲೇ ಇರುತ್ತವೆ, ಹಾಗಾಗಿ ಹಳೆಯ ಚಿಪ್ಪನ್ನು ಎಸೆಯಬೇಡಿ. ನಿಮ್ಮ ಪ್ರೋಗ್ರಾಮಿನ ಲೈಸೆನ್ಸು ಯಾವುದಾದರೂ ಹೋಸ್ಟ್ ಐಡಿಗೆ ಕಟ್ಟುಬಿದ್ದಿದ್ದರೆ ಅದನ್ನು ಈಗಲೇ ಪತ್ತೆ ಮಾಡಿಕೊಳ್ಳಿ.

ಎರಡನೆಯದು ಸಿ.ಡಿ. ಡ್ರೈವು. ಪೀಸಿಗಳ ಸಿ.ಡಿ. ಡ್ರೈವು ಒಂದು ಸಲಕ್ಕೆ 2048 ಬೈಟ್ ಓದಿ ಕೊಡುತ್ತದೆ. ಸನ್ ಯಂತ್ರದ ಫರ್ಮ್‌ವೇರ್ ಸಿ.ಡಿ.ಯನ್ನೂ ಹಾರ್ಡ್ ಡಿಸ್ಕಿನ ಹಾಗೇ ಕಂಡು 512 ಬೈಟ್ ಕೇಳುತ್ತದೆ. ಪಾವು ಕೇಳಿದವನಿಗೆ ಸೇರು ಸುರಿದ ಹಾಗೆ, ವ್ಯವಹಾರ ಅಲ್ಲಿಗೇ ನಿಲ್ಲುತ್ತದೆ. 512ಕ್ಕೆ ಹೊಂದುವ ಸ್ಕಸಿ ಡ್ರೈವೇ ಬೇಕು. ಕೆಲವು ಡ್ರೈವುಗಳ ಹಿಂದೆ ಇದಕ್ಕೆಂದೇ ಜಂಪರ್ ಇರುತ್ತದೆ. ಸ್ಕಸಿ ಐಡಿಯನ್ನೂ 6ಕ್ಕೆ ಇಡಿ, ‘ಬೂಟ್ ಸಿಡಿರಾಮ್’ ಎಂದರೆ ಫರ್ಮ್‌ವೇರ್ ಹುಡುಕುವುದು ಅಲ್ಲೇ. ಮೊದಲು ‘ರೀಸೆಟ್-ಆಲ್’, ಆಮೇಲೆ ‘ಪ್ರೋಬ್-ಸ್ಕಸಿ’ ಕೊಟ್ಟು ಡ್ರೈವು ಕಾಣಿಸುತ್ತದೋ ನೋಡಿ. ಸನ್ ಕೀಬೋರ್ಡ್ ಇಲ್ಲದಿದ್ದರೆ ಚಿಂತೆಯಿಲ್ಲ: ಕೀಬೋರ್ಡ್ ಕಾಣದಿದ್ದರೆ ಯಂತ್ರ ತಾನಾಗಿ ಸೀರಿಯಲ್ ಪೋರ್ಟಿನಲ್ಲಿ 9600 ವೇಗದಲ್ಲಿ ಮಾತಾಡುತ್ತದೆ.

ಸಿ.ಡಿ. ನಕಲು ಮಾಡಿಕೊಂಡದ್ದೇ? ಹಾಗಿದ್ದರೆ ಇನ್ನೊಂದು ಗುಮಾನಿ. ಸನ್‌ನ ಬೂಟ್ ಸಿ.ಡಿ.ಯಲ್ಲಿ ಡಿಸ್ಕಿನಂತೆಯೇ ಹಲವು ಭಾಗಗಳಿರುತ್ತವೆ. ಒಳಗಿನ ಕಡತಗಳನ್ನಷ್ಟೇ ಎತ್ತಿ ಬೇರೆ ಸಿ.ಡಿ.ಗೆ ಬರೆದರೆ ಆ ಭಾಗಗಳು ಕಳೆದುಹೋಗುತ್ತವೆ. ಇಡೀ ಇಮೇಜನ್ನೇ ನಕಲಿಸಬೇಕು. ಸೊಲಾರಿಸ್ 8ರ ಕಟ್ಟಿನಲ್ಲಿ ‘ಇನ್‌ಸ್ಟಲೇಷನ್’ ಎಂಬ ಸಿ.ಡಿ. ಎಲ್ಲಕ್ಕಿಂತ ಮುಂದಿರುತ್ತದೆ. ನಾನು ಅದನ್ನು ಮುಟ್ಟುವುದೇ ಇಲ್ಲ. ‘ಸಾಫ್ಟ್‌ವೇರ್ 1’ ಹಾಕಿದರೆ ನೇರವಾಗಿ ಸರಳ ಅಕ್ಷರದ ಇನ್‌ಸ್ಟಾಲರ್ ಬರುತ್ತದೆ, ರಗಳೆ ಕಡಿಮೆ.

ಇದೆಲ್ಲ ನಡೆಯುವುದು ನಿಮ್ಮ ಯಂತ್ರ 1998ರದ್ದು ಎಂಬ ಕಾರಣಕ್ಕೆ. ಸೊಲಾರಿಸ್ 8 ಬಂದದ್ದು 2000ದಲ್ಲಿ. ಈ ಯಂತ್ರದ ಗುರುತು ಅದಕ್ಕಿದೆ. ಇದೇ ಸಿ.ಡಿ.ಯನ್ನು ಸನ್‌ನ 2005ರ ‘ಟಿ2000’ಕ್ಕೆ ಹಾಕಿದ್ದರೆ ಮೀಟರ್ ಗೇಜ್ ಬೋಗಿಯನ್ನು ಬ್ರಾಡ್ ಗೇಜ್ ಹಳಿಯ ಮೇಲಿಟ್ಟಂತೆ. ಗೇಜ್ ಬದಲಾದದ್ದನ್ನು ಕಂಡ ಅರಸೀಕೆರೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಹೊಸ ಯಂತ್ರಗಳಿಗಾಗಿ ಸೊಲಾರಿಸ್ 10ರ ಒಳಗೇ ಸೊಲಾರಿಸ್ 8ರ ವಾತಾವರಣ ಕೂರಿಸುವ ‘ಕಂಟೇನರ್’ ಬಂತು. ಅದಕ್ಕೆ ಓಡುತ್ತಿರುವ ಸೊಲಾರಿಸ್ 8ರ ಪ್ರತಿ ಬೇಕು, ನಿಮ್ಮಲ್ಲಿಲ್ಲ.   

ಇನ್‌ಸ್ಟಾಲ್ ಆದ ದಿನವೇ ‘ವಿಎಫ್‌ಎಸ್‌ಟ್ಯಾಬ್’ ಕಡತ ತೆರೆದು, ಡಿಸ್ಕಿನ ಯುಎಫ್‌ಎಸ್ ಸಾಲುಗಳ ಕೊನೆಯಲ್ಲಿರುವ ‘-’ ಗುರುತಿನ ಬದಲು ‘ಲಾಗಿಂಗ್’ ಎಂದು ಸೇರಿಸಿ. ಸೊಲಾರಿಸ್ 10ರಲ್ಲಿ ಅದು ತಾನಾಗಿ ಇರುತ್ತದೆ, 8ರಲ್ಲಿ ನಾವೇ ಹೇಳಬೇಕು. ಹೇಳದಿದ್ದರೆ ಪ್ರತಿ ಸಲ ಕರೆಂಟು ಹೋಗಿ ಬಂದಾಗ ‘ಎಫ್‌ಎಸ್‌ಸಿಕೆ’ ಡಿಸ್ಕನ್ನೆಲ್ಲ ತಡಕುತ್ತ ಕೂರುತ್ತದೆ. ಬೇಲೂರು ಕಡೆಯ ಮಳೆಗಾಲದಲ್ಲಿ ಅದು ದಿನಕ್ಕೆಷ್ಟು ಸಲ ಎಂಬುದು ನನಗಿಂತ ನಿಮಗೇ ಗೊತ್ತು. ಯು.ಪಿ.ಎಸ್. ಇದ್ದರೂ ಸೇರಿಸಿ. ಟೆಲ್ನೆಟ್, ಆರ್‌ಎಸ್‌ಎಚ್ ಬಾಗಿಲುಗಳು ಸೊಲಾರಿಸ್ 8ರಲ್ಲಿ ತೆರೆದೇ ಇರುತ್ತವೆ, ಎಸ್‌ಎಸ್‌ಎಚ್ ಜೊತೆಗೆ ಬರುವುದಿಲ್ಲ. ಆದ್ದರಿಂದ ಮನೆಯ ಇಂಟರ್‌ನೆಟ್ ತಂತಿಯನ್ನು ಸರ್ವರಿನ ಹತ್ತಿರ ಒಯ್ಯಬೇಡಿ.

ಮುಂಭಾಗದಲ್ಲಿ ಕೀಲಿ ಸಿಗಿಸುವ ಜಾಗವಿದೆಯಲ್ಲ, ಗುಜರಿಯವರು ಕೀಲಿಯನ್ನೂ ಕೊಟ್ಟಿದ್ದರೆ ಕೆಲಸ ಮುಗಿದ ಮೇಲೆ ಬೀಗದ ಗುರುತಿಗೆ ತಿರುಗಿಸಿಡಿ. ಆಮೇಲೆ ಯಾರು ಪವರ್ ಬಟನ್ ಒತ್ತಿದರೂ ಅದು ಕೇಳುವುದಿಲ್ಲ.