ಒಗಟಿನಾಟದ ಮುಖಚಿತ್ರ: ಒಂದು ವಿವೇಚನೆ

ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಮಾವಿನ ಹಣ್ಣನ್ನು ಕೊಳ್ಳುವವನು ಮುಟ್ಟಿ, ಮೂಸಿ ನೋಡಬಲ್ಲನು. ಬಟ್ಟೆಯನ್ನು ಬೆರಳುಗಳ ನಡುವೆ ಹೊಸೆದು ಅದರ ಗುಣವನ್ನು ಅರಿಯಬಲ್ಲನು. ಆದರೆ ಒಗಟನ್ನು ಹಾಗೆ ಪರೀಕ್ಷಿಸಿ ಕೊಳ್ಳಲು ಬರುವುದಿಲ್ಲ. ಬಿಡಿಸಿದ ಮೇಲೆ ಅದು ಒಗಟಾಗಿ ಉಳಿಯುವುದಿಲ್ಲ. ಬಿಡಿಸದೆ ಅದರ ಸವಿ ತಿಳಿಯುವುದಿಲ್ಲ. ಗಣಕಯಂತ್ರದಲ್ಲಿಯೂ ಮೊಬೈಲಿನಲ್ಲಿಯೂ ಆಡುವ ಒಗಟಿನಾಟಗಳನ್ನು ರಚಿಸಿ ಮಾರುವವರ ಮುಖ್ಯ ತೊಡಕು ಇದೇ ಆಗಿದೆ. ಹೂರಣವನ್ನು ತೋರಿಸದೆ ಹಸಿವನ್ನು ಹುಟ್ಟಿಸಬೇಕಾದ ಹೊಣೆಯು ಒಂದು ಚಿಕ್ಕ ಚಿತ್ರದ ಮೇಲೆ ಬೀಳುತ್ತದೆ. ಅದೇ ಆಟದ ಮುಖಚಿತ್ರ.

ಹಿಂದೆ ಈ ಚಿತ್ರಕ್ಕೆ ರಟ್ಟಿನ ಪೆಟ್ಟಿಗೆಯ ವಿಶಾಲವಾದ ಮೈ ದೊರೆಯುತ್ತಿತ್ತು. 1977ರಲ್ಲಿ ಅಮೆರಿಕದ ಅಟಾರಿ ಸಂಸ್ಥೆಯು ಟೆಲಿವಿಷನ್ನಿಗೆ ಜೋಡಿಸಿ ಆಡುವ ಯಂತ್ರವನ್ನು ಹೊರತಂದಾಗ ತೆರೆಯ ಮೇಲೆ ಕಾಣುತ್ತಿದ್ದುದು ಕೆಲವು ಬಣ್ಣದ ಚೌಕಗಳು ಮತ್ತು ಗೆರೆಗಳು ಮಾತ್ರ. ಪೆಟ್ಟಿಗೆಯ ಮೇಲಿನ ವರ್ಣಚಿತ್ರವು ಆ ಬಡ ಚೌಕಗಳಿಗೆ ಆಡುವವನ ಮನಸ್ಸಿನಲ್ಲಿ ಜೀವ ತುಂಬುತ್ತಿತ್ತು. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿಟ್ನೋವ್ ಅವರು ರಚಿಸಿದ ಟೆಟ್ರಿಸ್ 1988ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದಾಗ ಅದರ ಕೆಂಪು ಪೆಟ್ಟಿಗೆಯ ಮೇಲೆ ಮಾಸ್ಕೋದ ಸೇಂಟ್ ಬೆಸಿಲ್ ದೇವಾಲಯದ ಗೋಪುರಗಳು ರಾರಾಜಿಸಿದವು. ಬೀಳುವ ತುಂಡುಗಳನ್ನು ಜೋಡಿಸುವ ಆಟಕ್ಕೂ ಆ ಗೋಪುರಗಳಿಗೂ ಏನೂ ಸಂಬಂಧವಿಲ್ಲ. ಎರಡು ಮಹಾರಾಷ್ಟ್ರಗಳ ನಡುವೆ ಶೀತಲ ಸಮರವಿದ್ದ ಕಾಲದಲ್ಲಿ ಸೋವಿಯತ್ ನಾಡಿನ ಆಟವೆಂಬ ಕುತೂಹಲವನ್ನೇ ಅಲ್ಲಿ ಮಾರಲಾಯಿತು. ವ್ಯಾಪಾರದ ದೃಷ್ಟಿಯಿಂದ ಅದು ಜಾಣತನವೇ ಸರಿ. ಆದರೆ ಎಲ್ಲರೂ ಅನುಸರಿಸಬಹುದಾದ ಮಾರ್ಗವಲ್ಲ.

ಈಗ ಪೆಟ್ಟಿಗೆ ಕುಗ್ಗಿ ಅಂಚೆಚೀಟಿಯಾಗಿದೆ. 2003ರಲ್ಲಿ ಆರಂಭವಾದ ಸ್ಟೀಮ್ ಎಂಬ ಅಂತರ್ಜಾಲದ ಮಳಿಗೆಯೊಂದರಲ್ಲಿಯೇ 2024ರ ಒಂದು ವರ್ಷದೊಳಗೆ 18 ಸಾವಿರಕ್ಕೂ ಹೆಚ್ಚು ಹೊಸ ಆಟಗಳು ಬಂದವು. ದೊಡ್ಡ ಸಂಸ್ಥೆಯ ಆಸರೆಯಿಲ್ಲದೆ ಒಬ್ಬರೋ ಇಬ್ಬರೋ ಸೇರಿ ವರ್ಷಗಟ್ಟಲೆ ದುಡಿದು ರಚಿಸಿದ ಸ್ವತಂತ್ರ ಆಟಗಳು ಇವುಗಳಲ್ಲಿ ಹೇರಳವಾಗಿರುತ್ತವೆ. ಅಂತಹ ದುಡಿಮೆಯು ನೋಡುವವನ ಕಣ್ಣಿಗೆ ಬೀಳಲು ದೊರೆಯುವ ಅವಕಾಶ ಒಂದು ಕ್ಷಣ ಮಾತ್ರ. ಈ ಚಿತ್ರವನ್ನು ಆ ಮಳಿಗೆಯವರು ಕ್ಯಾಪ್ಸೂಲ್ ಎಂದು ಕರೆಯುತ್ತಾರೆ. ಔಷಧವನ್ನೆಲ್ಲ ಅಡಗಿಸಿಕೊಂಡ ಗುಳಿಗೆಯ ಹೆಸರು ಇದಕ್ಕೆ ತಕ್ಕುದಾಗಿಯೇ ಇದೆ.

ಗುಳಿಗೆಯ ಅಳತೆಗಳನ್ನು ಕಲಾವಿದನು ಮೊದಲು ತಿಳಿದಿರಬೇಕು. ಪಿಕ್ಸೆಲ್ ಎಂಬ ಚಿತ್ರಬಿಂದುಗಳ ಲೆಕ್ಕದಲ್ಲಿ ದೊಡ್ಡ ಚಿತ್ರವು 1232 ಅಗಲ, 706 ಎತ್ತರ ಇರುತ್ತದೆ. ಸಣ್ಣದು 462 ಅಗಲ, 174 ಎತ್ತರ. ಈ ಸಣ್ಣದನ್ನು ಮಳಿಗೆಯು ತಾನಾಗಿಯೇ ಇನ್ನಷ್ಟು ಕುಗ್ಗಿಸಿ, 120 ಅಗಲ, 45 ಎತ್ತರದ ಪಟ್ಟಿಯಾಗಿಯೂ ತೋರಿಸುತ್ತದೆ. ದೊಡ್ಡ ಹಾಳೆಯ ಮೇಲೆ ತಿಂಗಳುಗಟ್ಟಲೆ ತಿದ್ದಿ ತೀಡಿದ ಎಲೆ, ನೆರಳು, ಮುಖಭಾವಗಳೆಲ್ಲ ಈ ಪಟ್ಟಿಯಲ್ಲಿ ಮಸಿಯ ಕಲೆಯಾಗಿಬಿಡುತ್ತವೆ. ಆದುದರಿಂದ ಅನುಭವಿಗಳು ಕೆಲಸವನ್ನು ತಲೆಕೆಳಗಾಗಿ ಮಾಡುತ್ತಾರೆ. ಮೊದಲು ಅತಿ ಚಿಕ್ಕ ಅಳತೆಯಲ್ಲಿ ಕಪ್ಪು ಬಿಳುಪಿನ ಆಕಾರಗಳನ್ನು ಮಾತ್ರ ಇಟ್ಟು ನೋಡಿ, ಅವು ನಿಂತ ಬಳಿಕ ಬಣ್ಣಕ್ಕೂ ವಿವರಕ್ಕೂ ಕೈಹಾಕುತ್ತಾರೆ. ಬಹುಮಾನದ ಮುದ್ರೆ, ಪತ್ರಿಕೆಗಳ ಹೊಗಳಿಕೆ, ರಿಯಾಯಿತಿಯ ಘೋಷಣೆ ಇವುಗಳನ್ನು ಚಿತ್ರದ ಮೇಲೆ ಅಂಟಿಸುವುದನ್ನು 2022ರ ಸೆಪ್ಟೆಂಬರಿನಿಂದ ಸ್ಟೀಮ್ ನಿಷೇಧಿಸಿದೆ. ಆಟದ ಚಿತ್ರ ಮತ್ತು ಆಟದ ಹೆಸರು, ಇವೆರಡಕ್ಕೇ ಅಲ್ಲಿ ಸ್ಥಳ. ಕಲೆಗೆ ಇದರಿಂದ ಒಳಿತೇ ಆಯಿತೆನ್ನಬೇಕು.

ಅಳತೆಯ ತೊಡಕಿಗಿಂತ ಮಿಗಿಲಾದುದು ಅರ್ಥದ ತೊಡಕು. ಓಟದ ಆಟಕ್ಕೆ ಕಾರನ್ನೂ ಕಾಳಗದ ಆಟಕ್ಕೆ ಖಡ್ಗವನ್ನೂ ಬರೆದರೆ ಸಾಕು. ಯೋಚಿಸುವುದೇ ಆಟವಾಗಿರುವಲ್ಲಿ ಏನನ್ನು ಬರೆಯಬೇಕು? ಈ ಪ್ರಶ್ನೆಗೆ ಸೊಗಸಾದ ಉತ್ತರವೊಂದು ಫಿನ್ಲೆಂಡಿನ ಆರ್ವಿ ಟೈಕಾರಿ ಅವರ ‘ಬಾಬಾ ಈಸ್ ಯೂ’ ಎಂಬ ಆಟದಲ್ಲಿ ದೊರೆಯುತ್ತದೆ. 2017ರ ನಾರ್ಡಿಕ್ ಗೇಮ್ ಜಾಮ್ ಎಂಬ ಆಟ ರಚನಾ ಕೂಟದಲ್ಲಿ ಮೊಳೆತ ಈ ಆಟವು 2019ರ ಮಾರ್ಚಿಯಲ್ಲಿ ಪ್ರಕಟವಾಯಿತು. ಇದರಲ್ಲಿ ನಿಯಮಗಳೇ ತಳ್ಳಬಹುದಾದ ಪದಗಳಾಗಿ ನೆಲದ ಮೇಲೆ ಬಿದ್ದಿರುತ್ತವೆ. ‘ಗೋಡೆ ತಡೆಯುತ್ತದೆ’ ಎಂಬರ್ಥದ ಪದಗಳಲ್ಲಿ ಒಂದನ್ನು ಸರಿಸಿದರೆ ಗೋಡೆಯು ತಡೆಯುವುದನ್ನು ಬಿಡುತ್ತದೆ. ‘ನೀನೇ ಬಾಬಾ’ ಎಂಬರ್ಥದ ಆಟದ ಹೆಸರು ಕೂಡ ಇಂತಹುದೇ ಒಂದು ನಿಯಮ. ಹೀಗಾಗಿ ಹೆಸರನ್ನು ಬರೆದೊಡನೆ ಆಟವನ್ನೇ ಬರೆದಂತಾಯಿತು. ಬಾಬಾ ಎಂಬ ಬಿಳಿಯ ಪುಟ್ಟ ಪ್ರಾಣಿ ಅದರ ಜೊತೆಗಿದ್ದರೆ ಸಾಕು. ಲಂಡನ್ನಿನ ಅಸ್‌ಟೂ ಸಂಸ್ಥೆಯು 2014ರಲ್ಲಿ ಹೊರತಂದ ‘ಮಾನ್ಯುಮೆಂಟ್ ವ್ಯಾಲಿ’ಯ ದಾರಿ ಬೇರೆ. ಡಚ್ ಕಲಾವಿದ ಎಷರ್ ಅವರ ಅಸಾಧ್ಯ ಕಟ್ಟಡಗಳನ್ನು ನೆನಪಿಸುವ ಆ ಆಟದಲ್ಲಿ ಚೂಪು ಟೊಪ್ಪಿಗೆಯ ಬಿಳಿಯುಡುಗೆಯ ರಾಜಕುಮಾರಿಯ ಆಕಾರವೊಂದೇ ಎಷ್ಟು ಕುಗ್ಗಿಸಿದರೂ ಗುರುತು ಸಿಗುವಂತಹುದು. ಅವಳೇ ಅದರ ಗುರುತಾದಳು.

ತತ್ತ್ವವನ್ನು ಎಲ್ಲರೂ ಬಲ್ಲ ಒಗಟಿನ ಮೇಲೆ ಪ್ರಯೋಗಿಸಿ ನೋಡಬಹುದು. ಅಂಬಿಗನೊಬ್ಬನು ಹುಲಿ, ಮೇಕೆ ಮತ್ತು ಹುಲ್ಲಿನ ಹೊರೆಯನ್ನು ಹೊಳೆ ದಾಟಿಸಬೇಕು. ದೋಣಿಯಲ್ಲಿ ಅವನೊಡನೆ ಒಂದಕ್ಕೆ ಮಾತ್ರ ಎಡೆ. ಅವನಿಲ್ಲದಾಗ ಹುಲಿಯು ಮೇಕೆಯನ್ನೂ ಮೇಕೆಯು ಹುಲ್ಲನ್ನೂ ತಿಂದುಬಿಡುತ್ತದೆ. ಇದನ್ನು ಆಟವಾಗಿಸಿ ಮಾರುವುದಾದರೆ ಮುಖಚಿತ್ರ ಹೇಗಿರಬೇಕು?

ಮೊದಲು ಹೊಳೆಯುವುದು ಎರಡು ದಡ, ನಡುವೆ ಹೊಳೆ, ಅಂಬಿಗ, ಮೂರು ಸರಕು ಎಲ್ಲವನ್ನೂ ಬರೆಯುವ ವಿಚಾರ. ಪಠ್ಯಪುಸ್ತಕದಲ್ಲಿ ಅದು ಒಪ್ಪುತ್ತದೆ. ಅಂಚೆಚೀಟಿಯಲ್ಲಿ ಏನೂ ಕಾಣುವುದಿಲ್ಲ. ಎರಡನೆಯದು ಬಾಯ್ದೆರೆದು ಗರ್ಜಿಸುವ ಹುಲಿಯೊಂದನ್ನೇ ಬರೆಯುವುದು. ಇದು ಕಣ್ಣನ್ನು ಥಟ್ಟನೆ ಸೆಳೆಯುತ್ತದೆ, ಆದರೆ ಸುಳ್ಳು ಹೇಳುತ್ತದೆ. ಬೇಟೆಯ ಆಟವೆಂದು ಕೊಂಡವನು ಹೊಳೆಯ ದಡದಲ್ಲಿ ಲೆಕ್ಕ ಹಾಕುತ್ತ ಕುಳಿತುಕೊಳ್ಳಲಾರನು. ಸ್ಟೀಮಿನಲ್ಲಿ 2015ರಿಂದ, ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದಲ್ಲಿ, ಹಣವನ್ನು ಮರಳಿ ಪಡೆಯುವ ಸೌಲಭ್ಯವಿದೆ. ಸುಳ್ಳಿನ ಗಳಿಕೆ ಅಷ್ಟು ಹೊತ್ತು ಮಾತ್ರ. ಜಾಹೀರಾತಿನ ವಿಷಯದಲ್ಲಿಯೂ ಹೀಗೆಯೇ. ‘ಹೋಮ್‌ಸ್ಕೇಪ್ಸ್’, ‘ಗಾರ್ಡನ್‌ಸ್ಕೇಪ್ಸ್’ ಎಂಬ ಆಟಗಳಲ್ಲಿ ಮುಖ್ಯವಾಗಿರುವುದು ಒಂದೇ ಬಗೆಯ ಮೂರು ವಸ್ತುಗಳನ್ನು ಕೂಡಿಸುವ ಕೆಲಸ. ಜಾಹೀರಾತಿನಲ್ಲಿ ತೋರಿಸಿದ್ದು ಸರಳುಗಳನ್ನು ಎಳೆಯುವ ಬೇರೆ ಒಗಟು. ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಯು 2020ರಲ್ಲಿ ಇದು ದಾರಿ ತಪ್ಪಿಸುವಂತಹುದೆಂದು ತೀರ್ಮಾನಿಸಿ ಅವುಗಳನ್ನು ತಡೆಯಿತು.

ಮೂರನೆಯದು ಇನ್ನೂ ಸೂಕ್ಷ್ಮವಾದ ತಪ್ಪು. ಅಂಬಿಗನು ಮೇಕೆಯನ್ನು ಆಚೆ ದಡದಿಂದ ಹಿಂದಕ್ಕೆ ಕರೆತರುತ್ತಿರುವ ನೋಟ ಬಹು ಚೆಲುವಾದುದು. ಆದರೆ ದಾಟಿಸಿದ್ದನ್ನು ಮರಳಿ ತರುವುದೇ ಈ ಒಗಟಿನ ಕೀಲಿ! ಆಟಗಾರನು ಪಡಬೇಕಾದ ಸಂತೋಷವನ್ನು ಚಿತ್ರಕಾರನು ಹೊಸ್ತಿಲಲ್ಲಿಯೇ ಕಸಿದುಕೊಂಡಂತಾಗುತ್ತದೆ.

ಹಾಗಾದರೆ ಉಳಿಯುವುದೇನು? ಉತ್ತರವನ್ನು ಬಚ್ಚಿಟ್ಟು ಪ್ರಶ್ನೆಯನ್ನು ಬರೆಯುವುದು. ಒಂದೇ ದಡದಲ್ಲಿ ಹುಲಿ, ಮೇಕೆ, ಹುಲ್ಲು ಸಾಲಾಗಿ ನಿಂತಿವೆ. ಹುಲಿಯ ಮುಖ ಮೇಕೆಯತ್ತ, ಮೇಕೆಯ ಮುಖ ಹುಲ್ಲಿನತ್ತ. ಮುಂದೆ ಒಂದು ಬರಿದಾದ ಪುಟ್ಟ ದೋಣಿ. ಇಲ್ಲಿ ಗರ್ಜನೆಯಿಲ್ಲ, ಅಂಬಿಗನೂ ಇಲ್ಲ. ಅವನ ಸ್ಥಾನ ನೋಡುವವನದು. ಕಣ್ಣಿನ ನೋಟ ಚಿಕ್ಕ ಅಳತೆಯಲ್ಲಿ ಅಳಿಸಿಹೋಗುವುದರಿಂದ ಮುಖಗಳು ತಿರುಗಿದ ದಿಕ್ಕು ಹೊರಗೆರೆಯಿಂದಲೇ ತಿಳಿಯಬೇಕು. ಹಿನ್ನೆಲೆಯು ತಿಳಿಯಾದ ಒಂದೇ ಬಣ್ಣವಾಗಿದ್ದು, ಪ್ರಾಣಿಗಳು ಗಾಢವಾಗಿದ್ದರೆ ಅದು ಸಾಧ್ಯ. ಅತಿ ಸಣ್ಣ ಪಟ್ಟಿಗಾದರೋ ಹುಲಿಯನ್ನೂ ಕೈಬಿಟ್ಟು ದೋಣಿಯನ್ನೂ ಹೆಸರನ್ನೂ ಮಾತ್ರ ಇಡುವುದು ಲೇಸು.

ಹೆಸರಿನ ವಿಷಯದಲ್ಲಿ ಕನ್ನಡಕ್ಕೆ ತನ್ನದೇ ಆದ ಒಂದು ಕಷ್ಟವಿದೆ. ರೋಮನ್ ಲಿಪಿಯ ದೊಡ್ಡಕ್ಷರಗಳು ಒಂದೇ ಎತ್ತರದಲ್ಲಿ ನಿಂತು ಪಟ್ಟಿಯನ್ನೆಲ್ಲ ತುಂಬಬಲ್ಲವು. ಕನ್ನಡದಲ್ಲಿ ಗುಣಿತದ ಚಿಹ್ನೆಗಳು ಮೇಲಕ್ಕೂ ಒತ್ತಕ್ಷರಗಳು ಕೆಳಕ್ಕೂ ಚಾಚುವುದರಿಂದ ಮೂಲಾಕ್ಷರಕ್ಕೆ ದೊರೆಯುವ ಎತ್ತರ ತುಂಬ ಕಡಿಮೆಯಾಗುತ್ತದೆ. ‘ಹುಲಿ ಮೇಕೆ ಹುಲ್ಲು’ ಎಂದು ಹೆಸರಿಟ್ಟರೆ ಕೊನೆಯ ಪದದ ಒತ್ತು 45 ಬಿಂದುಗಳ ಎತ್ತರದಲ್ಲಿ ಕಸದ ಚುಕ್ಕೆಯಂತೆ ಕಂಡೀತು. ‘ದೋಣಿ’ ಎಂದರೆ ಎರಡೇ ಅಕ್ಷರ, ಒತ್ತಿಲ್ಲ. ಮೇಲಾಗಿ ಒಗಟು ಹುಟ್ಟಿರುವುದೇ ದೋಣಿಯ ಇಕ್ಕಟ್ಟಿನಿಂದ. ದೋಣಿ ದೊಡ್ಡದಾಗಿದ್ದರೆ ಒಗಟೇ ಇಲ್ಲ.

ಚಿತ್ರ ಸಿದ್ಧವಾದ ಮೇಲೆ ಅದನ್ನು ಒಂಟಿಯಾಗಿ ನೋಡಿ ಸಂತೋಷಪಡುವುದು ಕಲಾವಿದರ ಸಹಜ ದೌರ್ಬಲ್ಯ. ಮಳಿಗೆಯಲ್ಲಿ ಅದು ಒಂಟಿಯಾಗಿರುವುದಿಲ್ಲ. ಬೇರೆ ಇಪ್ಪತ್ತು ಆಟಗಳ ಚಿತ್ರಗಳ ನಡುವೆ ಅದೇ ಅಳತೆಯಲ್ಲಿ ಇಟ್ಟು, ಆಟದ ಪರಿಚಯವಿಲ್ಲದ ಒಬ್ಬರಿಗೆ ಕ್ಷಣಕಾಲ ತೋರಿಸಿ, ಇದು ಎಂತಹ ಆಟವೆಂದು ಕೇಳಬೇಕು. ಕೇಳಿದವನು ವಿವರಣೆ ಕೊಡದೆ ಸುಮ್ಮನಿರುವುದು ಮುಖ್ಯ. ಹುಲಿಯ ಬೇಟೆಯೆಂಬ ಉತ್ತರ ಬಂದರೆ ಚಿತ್ರವನ್ನು ಮತ್ತೆ ತಿದ್ದಬೇಕಾಗುತ್ತದೆ. ನೋಡಿದವರು ಉತ್ತರ ಕೊಡುವ ಬದಲು, ದೋಣಿಯಲ್ಲಿ ಎಷ್ಟು ಮಂದಿ ಹಿಡಿಸುತ್ತಾರೆ ಎಂದು ತಾವೇ ಕೇಳಿದರೆ, ತಿದ್ದುವುದನ್ನು ಅಲ್ಲಿಗೆ ನಿಲ್ಲಿಸಬಹುದು.