ಬಿಸಿಲು ಕಾಯಿ ಸುಡದಂತೆ: ಬಿಳಿ ಪುಡಿ, ಬೆಳ್ಳಿ ಹಾಳೆ

ಏಪ್ರಿಲ್–ಮೇ ತಿಂಗಳಲ್ಲಿ ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ತೋಟಕ್ಕೆ ಹೋದಾಗ ಗಿಡದ ಪಶ್ಚಿಮ ಮಗ್ಗುಲಿನ ಕಾಯಿಯೊಂದನ್ನು ತಿರುಗಿಸಿ ನೋಡಿ. ನೆರಳಿನ ಬದಿ ನುಣುಪಾಗಿ ಮಿನುಗುತ್ತಿರುತ್ತದೆ. ಬಿಸಿಲಿಗೆ ಬಿದ್ದ ಬದಿಯಲ್ಲಿ ಮಾತ್ರ ಒಣ ತೊಗಲಿನಂಥ ಕಂದು ಕಲೆ. ಇದು ರೋಗವಲ್ಲ, ಇಳಿಹೊತ್ತಿನ ಬಿಸಿಲು ಸಿಪ್ಪೆಯನ್ನು ಸುಟ್ಟ ಗುರುತು. ದುಂಡಾಣು ಅಂಗಮಾರಿಯ ಕಲೆ ಎಣ್ಣೆ ಸವರಿದಂತೆ ಕಪ್ಪಗಿದ್ದು, ಮುಂದೆ ಸಿಪ್ಪೆ ಸೀಳುತ್ತದೆ. ಎರಡನ್ನೂ ಒಂದೇ ಎಂದು ತಿಳಿದು ಔಷಧಿ ಹೊಡೆದರೆ ದುಡ್ಡು ದಂಡ.

ಸುಡುವುದನ್ನು ತಡೆಯಲು ಬೆಳಕನ್ನೇ ಹಿಂದಕ್ಕೆ ಅಟ್ಟಬೇಕು. ಬಿಳಿ ಬಣ್ಣ ಬೆಳಕನ್ನು ಹಿಂದಿರುಗಿಸುತ್ತದೆ, ಕಪ್ಪು ಹೀರಿಕೊಂಡು ಕಾಯುತ್ತದೆ. ಕೇಯೋಲಿನ್ ಎಂಬ ಬಿಳಿ ಜೇಡಿ ಪುಡಿಯನ್ನು ಲೀಟರ್ ನೀರಿಗೆ 50 ಗ್ರಾಂನಂತೆ ಕಲಸಿ, ಕಾಯಿ ಮತ್ತು ಎಲೆಯ ಮೇಲೆ ತೆಳುವಾಗಿ ಸಿಂಪಡಿಸಿ. ಪುಡಿ ತಳಕ್ಕೆ ಕೂರುತ್ತದೆ, ಆದ್ದರಿಂದ ಬಟ್ಟೆಯಲ್ಲಿ ಸೋಸಿ, ನಡುನಡುವೆ ಕಲಕುತ್ತಿರಿ. ಇಲ್ಲದಿದ್ದರೆ ನಾಜಲ್ ಕಟ್ಟಿಕೊಳ್ಳುತ್ತದೆ. ಮಳೆ ಬಿದ್ದು ಲೇಪ ತೊಳೆದುಹೋದರೆ ಮತ್ತೆ ಹೊಡೆಯಬೇಕು. ಮಾರುವ ಮುನ್ನ ಕಾಯಿ ಒರೆಸಿ. ಚಾಟನಿ ಮಾಡುವಾಗ ಪಶ್ಚಿಮದ ಕಡೆಯ ರೆಂಬೆಗಳನ್ನು ಪೂರಾ ಬೋಳಿಸಬೇಡಿ. ಎಲೆಯ ನೆರಳಿಗಿಂತ ಅಗ್ಗದ ರಕ್ಷಣೆ ಇನ್ನೊಂದಿಲ್ಲ.

ಮೆಣಸಿನಕಾಯಿ, ಟೊಮ್ಯಾಟೊ, ಕಲ್ಲಂಗಡಿ ಬೆಳೆಯುವವರು ಬೆಳ್ಳಿ-ಕಪ್ಪು ಮಲ್ಚಿಂಗ್ ಹಾಳೆ ಹಾಕುತ್ತಾರಲ್ಲ, ಅದರಲ್ಲೂ ಇದೇ ಕೆಲಸ. ಬೆಳ್ಳಿ ಬದಿ ಮೇಲಿರಬೇಕು. ಅದರಿಂದ ಚಿಮ್ಮಿದ ಬೆಳಕು ಎಲೆಯ ಕೆಳಬದಿಗೂ ಬೀಳುತ್ತದೆ, ಅಲ್ಲಿ ಬಂದು ಕೂರುವ ಥ್ರಿಪ್ಸ್, ಬಿಳಿ ನೊಣ, ಗಿಡಹೇನು ಕಂಗಾಲಾಗುತ್ತವೆ. ಮೆಣಸಿನ ಎಲೆ ಮುಟುರು ರೋಗ ಥ್ರಿಪ್ಸ್, ಬಿಳಿ ನೊಣಗಳಿಂದಲೂ ಬರುವುದರಿಂದ, ಸಸಿ ಎಳೆಯದಾಗಿರುವಾಗಿನ ಈ ಲಾಭ ದೊಡ್ಡದು. ಗಿಡ ಹರಡಿ ಹಾಳೆಯನ್ನು ಮುಚ್ಚಿದ ಮೇಲೆ ಪರಿಣಾಮ ಕುಗ್ಗುತ್ತದೆ, ಕೀಟದ ಮೇಲೆ ಕಣ್ಣಿಡುವುದನ್ನು ಬಿಡಬೇಡಿ. ಕೆಳಗಿನ ಕಪ್ಪು ಬದಿ ಕಳೆಗೆ ಬೆಳಕು ತಡೆಯುತ್ತದೆ. ಕಪ್ಪು ಮೇಲಾದರೆ ಬೇಸಿಗೆಯಲ್ಲಿ ಹಾಳೆ ಕಾದು ಎಳೆ ಸಸಿಯ ಕಾಂಡ ಸುಡುತ್ತದೆ. ಡ್ರಿಪ್ ಪೈಪನ್ನು ಹಾಳೆಯ ಕೆಳಗೇ ಎಳೆಯಿರಿ. ಬೆಳೆ ಮುಗಿದ ಮೇಲೆ ಹಾಳೆ ಕಿತ್ತು ತೆಗೆಯಿರಿ, ಹೊಲದಲ್ಲಿ ಸುಡಬೇಡಿ.

ಬಿಳಿ ಬಣ್ಣದ ಇದೇ ಗುಣ ದನದ ಕೊಟ್ಟಿಗೆಗೂ ಒದಗುತ್ತದೆ. ಗಂಗಾವತಿ, ಕೊಪ್ಪಳದ ಕಡೆ ತಗಡಿನ ಕೊಟ್ಟಿಗೆ ಇರುವವರು ಬೇಸಿಗೆಗೆ ಮುಂಚೆ ಚಾವಣಿಗೆ ಸುಣ್ಣ ಬಳಿಯಿರಿ. ಒಳಗಿನ ಕಾವು ಇಳಿದರೆ ಎಮ್ಮೆಗಳು ಮೇವು ಬಿಡುವುದಿಲ್ಲ.

ಮಲ್ಚಿಂಗ್ ಸಹಾಯಧನದ ಬಗ್ಗೆ ತಾಲ್ಲೂಕು ತೋಟಗಾರಿಕೆ ಕಚೇರಿಯಲ್ಲಿ, ಬೆಳೆಯ ಸಲಹೆಗೆ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಹೋಗುವಾಗ ಕಲೆಬಿದ್ದ ಕಾಯಿಯೊಂದನ್ನು ಜೊತೆಗೆ ಒಯ್ಯಿರಿ.